ಅತ್ತೆಯ ತುಟಿಗೆ ಝಡ್ ಹೊಲಿಗೆ

ನನ್ನ ಮಾವನ ಹೆಸರು ರಾಜಪ್ಪ. ಬರೆಯುವುದಕ್ಕೆ ಅಡ್ಡಿಯಿಲ್ಲ, ಬಾಯಿಬಿಟ್ಟು ಹೇಳುವಂತಿಲ್ಲ. ಕೊಣ್ಣೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಮೂಢನಂಬಿಕೆ ಬಿಡಬೇಕೆಂದು ಪಾಠ ಮಾಡುತ್ತೇನೆ, ಹಾಜರಿ ಪುಸ್ತಕದಲ್ಲಿ ರಾಜಪ್ಪ ಎಂಬ ಹುಡುಗ ಬಂದರೆ ಅವನನ್ನು ಮಾತ್ರ ನಂಬರಿನಿಂದ ಕರೆಯುತ್ತೇನೆ. ನಗುವವರು ನಗಲಿ, ನನಗೇನೂ ನಾಚಿಕೆಯಿಲ್ಲ.

ನನ್ನ ಅತ್ತೆ ಅಲ್ಲವ್ವನವರದು ಇನ್ನೂ ಬಿಗಿ. ಗಂಡನ ಹೆಸರನ್ನು ಅವರು ಒಡಪಿನಲ್ಲಿ ಬಿಟ್ಟು ಬೇರೆಲ್ಲೂ ಹೇಳಿದವರಲ್ಲ. ಮದುವೆಯಲ್ಲೋ ಬಸುರಿಗೆ ಮಾಡುವ ಕುಬಸದ ಕಾರ್ಯದಲ್ಲೋ ಹೆಂಗಸರು ಸುತ್ತ ನಿಂತು "ಹೆಸರ ಹೇಳ, ಹೆಸರ ಹೇಳ" ಎಂದು ಪೀಡಿಸಿದಾಗ ಎರಡು ಸಾಲು ಪ್ರಾಸ ಕಟ್ಟಿ, ಅದರ ನಡುವೆ ಗಂಡನ ಹೆಸರು ಸೇರಿಸಿ ಹೇಳುವುದು ನಮ್ಮ ಕಡೆಯ ಪದ್ಧತಿ. ಉಳಿದವರು ತಾಯಿಯಿಂದ ಕಲಿತ ಒಂದೇ ಒಡಪಿನಲ್ಲಿ ಜನ್ಮ ತಳ್ಳುತ್ತಾರೆ. ಅತ್ತೆ ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿದ್ದು ನಾನು ಕೇಳಿಲ್ಲ. ಅವರ ಒಡಪಿಗಾಗಿಯೇ ಅಂಕಲಗಿಯಿಂದ ಜನ ಅವರನ್ನು ಮದುವೆಗೆ ಕರೆಯುತ್ತಿದ್ದರು.

ಮಾವ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆದರೆ ಒಡಪಿನ ಹೊತ್ತಿಗೆ ಎಲ್ಲಿದ್ದರೂ ಬಂದು ಹೆಂಗಸರ ಗುಂಪಿಗೆ ಹತ್ತಿರದ ಕಂಬದ ಬಾಜೂ ನಿಲ್ಲುತ್ತಾರೆ. ಬೆನ್ನು ಈ ಕಡೆ, ಮುಖ ಆ ಕಡೆ. ಹೆಗಲಿನ ಟಾವೆಲ್ ತೆಗೆದು ಇಲ್ಲದ ಧೂಳು ಕೊಡವುತ್ತಿರುತ್ತಾರೆ. ಹೆಸರು ಬಂದು ಹೋದ ಮೇಲೆ ಟಾವೆಲ್ ಹೆಗಲಿಗೆ ಹಾಕಿಕೊಂಡು ನಡೆಯುತ್ತಾರೆ. ಇದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ, ಯಾರಿಗೂ ಹೇಳಿಲ್ಲ.

ನಾಲ್ಕು ವರ್ಷದ ಹಿಂದೆ ಅತ್ತೆಯ ಕೊನೆಯ ಹಲ್ಲು ಬಿತ್ತು. "ಬೊಚ್ಚ ಬಾಯಿಲೆ ಗಂಡನ ಹೆಸರ ಹೇಳಿದ್ರ ಗಂಡಗ ಅವಮಾನ" ಎಂದು ಅವರು ಒಡಪು ನಿಲ್ಲಿಸಿಬಿಟ್ಟರು. ಮಾವನ ಟಾವೆಲ್ಲಿಗೂ ನಾಲ್ಕು ವರ್ಷ ಕೆಲಸವಿಲ್ಲ. ಕಡೆಗೆ ನನ್ನ ಮಗಳು ಪದ್ಮಶ್ರೀಯ ನಿಶ್ಚಯ ಗೊತ್ತಾದಾಗ ಅತ್ತೆ ತಾವಾಗಿಯೇ ಹೊರಟು, ಮೂಡಲಗಿಯಲ್ಲಿ ಹಲ್ಲಿನ ಸೆಟ್ ಮಾಡುವ ಖಂಡೆಪ್ಪನ ಹತ್ತಿರ ಮೇಲೆ ಕೆಳಗೆ ಪೂರಾ ಸೆಟ್ ಮಾಡಿಸಿಕೊಂಡು ಬಂದರು.

ನಿಶ್ಚಯ ನಡೆದದ್ದು ಹುಕ್ಕೇರಿಯಲ್ಲಿ, ಗಂಡಿನ ಮನೆಯಲ್ಲಿ. ಗಂಡಿನ ಅಜ್ಜಿ ಸಾತವ್ವ ಕೂಡ ಒಡಪಿನಲ್ಲಿ ಹೆಸರಾದವರು. ಅವರು ತಮ್ಮದನ್ನು ಹೇಳಿ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು, "ಈಗ ಕೊಣ್ಣೂರದ್ದ ಕೇಳೂಣು" ಎಂದರು. ಅತ್ತೆ ಆರತಿ ತಾಟು ಹಿಡಿದು ಮುಂದೆ ಬಂದರು. ಕಂಬದ ಬಾಜೂ ಟಾವೆಲ್ ಆಡತೊಡಗಿತು.

"ಬಾಗೇವಾಡಿ ಬೆಲ್ಲಾ ತಂದೇವ, ಬೀಗರ ಬಾಯಿ ಸಿಹಿಯಾಗ್ಲಿ, ರಾಜ—"

ಅಷ್ಟೇ. ಮುಂದಿನ ಅಕ್ಷರಕ್ಕೆ ತುಟಿ ಕೂಡಿ ಬಿಟ್ಟದ್ದೇ ತಡ, ಮೇಲಿನ ಸೆಟ್ ಜಿಗಿದು ಆರತಿ ತಾಟಿನ ಕುಂಕುಮದಲ್ಲಿ ಬಿತ್ತು. ಕೆಂಪು ಕುಂಕುಮದಲ್ಲಿ ಬಿಳಿ ಹಲ್ಲು.

"ಏನ್ರಿ ಬೀಗತಿ," ಎಂದರು ಸಾತವ್ವ, "ಅರ್ಧಾ ಗಂಡನ್ನ ಹೇಳಿ, ಇನ್ನರ್ಧಾ ತಾಟಿನ್ಯಾಗ ಬಿಟ್ಟೀರಲ್ರಿ!"

ನಗು ಪಡಸಾಲೆ ದಾಟಿ ಓಣಿಗೆ ಹೋಯಿತು. ನನ್ನ ಮಗಳೂ ನಕ್ಕಳು, ಅವಳಿಗೆ ಅಲ್ಲೇ ಎರಡು ಬಿಗಿಯಬೇಕೆನಿಸಿತು ನನಗೆ. ಆಗ ಮಾವ, ಹೆಂಗಸರ ಗುಂಪಿನೊಳಗೆ ಎಂದೂ ಕಾಲಿಡದವರು, ನೇರ ನಡೆದು ಬಂದು ತಾಟಿನಿಂದ ಹಲ್ಲು ಎತ್ತಿಕೊಂಡರು. ಚರಿಗೆಯ ನೀರಿನಲ್ಲಿ ತೊಳೆದು, ಟಾವೆಲ್ಲಿನಲ್ಲಿ ಸುತ್ತಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಗೆ ಹೋದರು.

ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ನನ್ನನ್ನು ಕರೆದು, "ಅನ್ನಪೂರ್ಣಾ, ಮದವಿ ದಿನಾ ಅದ ಮನ್ಯಾಗ, ಆ ಸಾತವ್ವನ ಮುಂದ, ಪೂರಾ ಹೆಸರ ಹೇಳತೇನಿ. ಅರ್ಧಾ ಹೆಸರ ಬಿಟ್ಟ ಬಂದ ಮನಿಗೆ ಮೊಮ್ಮಗಳನ್ನ ಕಳಸಾಕ ನನ್ನ ಮನಸ್ಸ ಒಪ್ಪೂದಿಲ್ಲ," ಎಂದರು. ಮದುವೆಗೆ ಎರಡೂವರೆ ತಿಂಗಳಿತ್ತು. ಅವರ ಕಣ್ಣಲ್ಲಿ ನೀರಿತ್ತು, ನನಗೂ ಬಂತು.

ಮೊದಲು ಎಲ್ಲರೂ ಸೇರಿ ಖಂಡೆಪ್ಪನನ್ನು ಬೈದೆವು. ಮೂರು ಸಲ ಮೂಡಲಗಿಗೆ ಹೋದೆವು. ಮೊದಲೆರಡು ಸಲ ಅವನು ಸೆಟ್ಟಿನ ಮುಂದಿನ ಅಂಚನ್ನು ನಟ್ಟನಡುವೆ ಒಂದಿಷ್ಟು ಕೊರೆದು ಕೊಟ್ಟ. ಎರಡೂ ಸಲ ಅತ್ತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಪಪ್ಪಾಯಿ" ಎಂದು ಪರೀಕ್ಷೆ ಮಾಡಿದರು, ಎರಡೂ ಸಲ ಹಲ್ಲು ಕೈಗೆ ಬಂತು. ಮೂರನೆಯ ಸಲ ಕೊರೆದು ಕೊರೆದು ಸೆಟ್ಟೇ ಸೀಳಿತು. ಆಗ ಖಂಡೆಪ್ಪ ಕೈ ಮುಗಿದು, "ಅವ್ವಾರ, ತಪ್ಪು ಸೆಟ್ಟಿಂದಲ್ರಿ, ತುಟಿಯ ಒಳಗಿಂದು. ಗೋಕಾಕದಾಗ ಸೂರಜ ಡಾಕ್ಟರ್‌ಗೆ ತೋರಸ್ರಿ. ಅವರು ಸರಿ ಮಾಡಿದ ಮ್ಯಾಲೆ ಹೊಸಾ ಸೆಟ್ ನಾ ಮಾಡಿ ಕೊಡತೇನಿ," ಎಂದ. ಅವನನ್ನು ಬೈದದ್ದಕ್ಕೆ ನನಗೆ ಈಗಲೂ ಕೆಡುಕೆನಿಸುತ್ತದೆ.

ಸೂರಜ ಡಾಕ್ಟರ್ ವಯಸ್ಸಿನಲ್ಲಿ ಸಣ್ಣವರು, ಸಹನೆಯಲ್ಲಿ ದೊಡ್ಡವರು. ಅತ್ತೆಯ ಮೇಲ್ತುಟಿ ಎತ್ತಿ ಕನ್ನಡಿಯಲ್ಲಿ ನನಗೆ ತೋರಿಸಿದರು. ತುಟಿಯಿಂದ ವಸಡಿಗೆ ನಟ್ಟನಡುವೆ ಒಂದು ದಪ್ಪ ಪಟ್ಟಿ. ಎಲ್ಲರಿಗೂ ಅಲ್ಲೊಂದು ತೆಳ್ಳನೆಯ ಎಳೆ ಇರುತ್ತದಂತೆ, ನಾಲಿಗೆ ಆಡಿಸಿದರೆ ಸಿಗುತ್ತದೆ, ನನ್ನದು ಸಿಕ್ಕಿತು. ಅತ್ತೆಯದು ಅಗಲ, ಗಿಡ್ಡ, ಸಾಲದ್ದಕ್ಕೆ ಹಲ್ಲು ಹೋಗಿ ವಸಡು ತಗ್ಗಿದ್ದರಿಂದ ಅದರ ಕೆಳಗಿನ ತುದಿ ವಸಡಿನ ಅಂಚಿಗೇ ಬಂದು ಕುಂತಿತ್ತು.

"ತುಟಿ ಅಳ್ಳಾಡಿದಾಗೊಮ್ಮೆ ಇದು ಸೆಟ್ಟನ್ನ ಎಳದು ಕೆಡವತೈತ್ರಿ," ಎಂದರು ಡಾಕ್ಟರ್. "ಇದನ್ನ ಬಿಡಿಸಬೇಕು."

"ಬಿಡಸ್ರಿ," ಎಂದರು ಅತ್ತೆ.

"ಹ್ಯಾಂಗ ಬಿಡಸೂದು ಅನ್ನೂದ ಪ್ರಶ್ನೆ. ಸಾದಾ ರೀತಿ ಅಂದ್ರ, ಪಟ್ಟಿ ಚಿಮಟದಾಗ ಹಿಡದು, ಕೊಯ್ದು ತಗದು, ಹೊಲಿಗಿ ಹಾಕೂದು."

"ಹಾಕ್ರಿ."

"ತಡೀರಿ ಅಜ್ಜಿ. ನಿಮ್ಮದು ಅಗಲ ಐತಿ. ಸಾದಾ ಕೊಯ್ದ್ರ, ಮಾಯುವಾಗ ಗಾಯ ಸೆಳಕೊಂಡು ತಿರುಗಿ ಗಿಡ್ಡ ಆಗಬಹುದು. ಲೇಸರ್ ಐತಿ. ರಕ್ತ ಕಮ್ಮಿ, ಹೊಲಿಗಿ ಬ್ಯಾಡ, ಮಾಯಾಕ ಮಾತ್ರ ನಾಕು ದಿನಾ ಜಾಸ್ತಿ. ಇನ್ನ ಝಡ್ ಅಂತ ಒಂದೈತಿ." ಅವರು ಚೀಟಿಯ ಮೇಲೆ ಇಂಗ್ಲಿಷಿನ ಝಡ್ ಅಕ್ಷರ ಬರೆದು, ಎರಡು ಮೂಲೆಗಳನ್ನು ಬಾಣದ ಗುರುತಿನಿಂದ ಅದಲುಬದಲು ಮಾಡಿದರು. "ಈ ಮೂಲಿ ಅಲ್ಲಿಗೆ, ಆ ಮೂಲಿ ಇಲ್ಲಿಗೆ. ಪಟ್ಟಿ ಉದ್ದ ಆಗತೈತಿ. ನಿಮಗ ನನ್ನ ಸಲಹಾ ಇದ."

ಅತ್ತೆಗೆ ತಿಳಿಯಲಿಲ್ಲ. ವಿಜ್ಞಾನ ಕಲಿಸುವ ನನಗೂ ತಿಳಿಯಲಿಲ್ಲ. ತಿಳಿದವಳ ಹಾಗೆ ತಲೆ ಆಡಿಸಿದೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮಾವ ಆ ದಿನದ ಮೊದಲ ಮಾತಾಡಿದರು.

"ಬ್ಯಾಡ."

ಮನೆಗೆ ಬಂದ ಮೇಲೆ ಅತ್ತೆ ಒಲೆಯ ಮುಂದೆ ಕೂತು ಸಿಡಿದರು. "ನೋಡಿದೇನ? ನಾ ಹೆಸರ ಹೇಳೂದ ಅವರಿಗೆ ಬೇಕಾಗಿಲ್ಲ. ಹುಕ್ಕೇರ್‍ಯಾಗ ನಾಕು ಮಂದಿ ಮುಂದ ನಾಚಿಕಿ ಆಗೇತಿ ಅವರಿಗೆ." ಕಂಬದ ಬಾಜೂ ಆಡುವ ಟಾವೆಲ್ಲಿನ ವಿಷಯ ಹೇಳಿಬಿಡೋಣವೆಂದು ನನ್ನ ನಾಲಿಗೆಯ ತುದಿಗೆ ಬಂತು. ಗಂಡ ಹೆಂಡಿರ ನಡುವೆ ಸೊಸೆ ಬಾಯಿ ಹಾಕಬಾರದೆಂದು ನುಂಗಿದೆ. ಅದು ನನ್ನ ತಪ್ಪು.

ಆ ವಾರವೆಲ್ಲ ಓಣಿಯ ತುಂಬ ಅತ್ತೆಯ ತುಟಿಯದೇ ಸುದ್ದಿ. ಬಾಜೂ ಮನೆ ಚನ್ನವ್ವ ಆ ಪಟ್ಟಿಗೆ ಕುದುರೆಯ ಬಾಲದ ಕೂದಲು ಕಟ್ಟಿದರೆ ತಾನೇ ಉದುರುತ್ತದೆಂದಳು. ನಾನು ಅವಳನ್ನು ಚಹಾ ಸಹ ಕೊಡದೆ ಕಳಿಸಿದೆ. ನನ್ನ ಗಂಡ ಗಜಾನನ ಮೊಬೈಲಿನಲ್ಲಿ ಝಡ್ ಆಪರೇಷನ್ನಿನ ವಿಡಿಯೋ ಹಚ್ಚಿ "ನಾ ನೋಡಿ ಹೇಳತೇನಿ" ಎಂದು ಧೈರ್ಯವಾಗಿ ಕೂತು, ಝಡ್‌ನ ಎರಡನೆಯ ಗೆರೆಗೆ ಕಣ್ಣು ಕತ್ತಲೆಗಟ್ಟಿ ಜೋಳದ ಚೀಲದ ಮೇಲೆ ಒರಗಿದರು. ಅವರಿಗೆ ನೀರು ಚಿಮುಕಿಸಿ ಎಬ್ಬಿಸಿದ್ದೂ ನಾನೇ.

ಕೊನೆಗೆ ವಿಷಯ ತಿಳಿಸಿದವರು ದರ್ಜಿ ಮೌಲಾಅಲಿ ಕಾಕಾ. ಕೊಣ್ಣೂರಿನಲ್ಲಿ ನಲವತ್ತು ವರ್ಷದಿಂದ ಕುಬಸ ಹೊಲಿಯುವವರು. ನಮ್ಮ ಮನೆಯ ಮೂರು ತಲೆಮಾರಿನ ಅಳತೆ ಅವರ ಬಾಯಿಯಲ್ಲಿದೆ. ಮದುವೆಯ ಬಟ್ಟೆ ಕೊಡಲು ಹೋದಾಗ ಅತ್ತೆ ಸುಮ್ಮನೆ ಡಾಕ್ಟರ ಚೀಟಿ ತೋರಿಸಿ, ಅವರು ಹೇಳಿದ ಮೂರೂ ರೀತಿಯನ್ನು ಒಪ್ಪಿಸಿದರು. ಕಾಕಾ ಕನ್ನಡಕ ಹಾಕಿಕೊಂಡು ಝಡ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅರೆ ಅಲ್ಲವ್ವಾ, ಇದು ನಮ್ಮ ಕೆಲಸ ಅಲ್ಲೇನ!" ಎಂದು ಒಂದು ಕೆಂಪು ತುಂಡು ಬಟ್ಟೆ ಎಳೆದುಕೊಂಡರು. "ಬಗಲಾಗ ಬಿಗಿಯಾದ ಕುಬಸಾ ತರತಾರ. ಸೀದಾ ಕತ್ತರಿಸಿ ಹೊಲದ್ರ ಮುಂದ ಅದು ಮತ್ತ ಮುದುರತೈತಿ. ನಿಮ್ಮ ಡಾಕ್ಟರನ ಸಾದಾ ಕೊಯ್ತ ಅದ. ಲೇಸರ್ ಅಂದ್ರ ನೈಲಾನ್ ರಿಬ್ಬನ್ ತುದಿಗೆ ಕಡ್ಡಿ ಕೊರದು ಹಿಡೀತೇನಲ್ಲ, ಎಳಿ ಬಿಚ್ಚಬಾರದು ಅಂತ, ಅದು. ಈಗ ಝಡ್ ನೋಡ."

ಕತ್ತರಿ ಮೂರು ಸಲ ಕಚಕ್ ಎಂದಿತು. ಎರಡು ತ್ರಿಕೋನ ಎದ್ದವು. ಕಾಕಾ ಒಂದನ್ನು ಇನ್ನೊಂದರ ಜಾಗಕ್ಕೆ ಸರಿಸಿ ಗುಂಡುಸೂಜಿ ಚುಚ್ಚಿ, ಟೇಪು ಹಿಡಿದರು. ಎರಡು ಇಂಚಿನ ಗೆರೆ ಮೂರು ಇಂಚಿನ ಹತ್ತಿರ ಬಂದಿತ್ತು.

"ಅಗಲದಾಗಿಂದ ಕಸಗೊಂಡು ಉದ್ದಕ್ಕ ಕೊಡೂದು," ಎಂದರು ಕಾಕಾ. "ಬಟ್ಟಿ ಹೆಚ್ಚಿಗಿ ಬೇಕಾಗಿಲ್ಲ. ಇರೂದರಾಗ ಸರಿ ಮಾಡೂದು. ಡಾಕ್ಟರ್ ಶಾಣ್ಯಾ ಅದಾನ, ಮಾಡಸ್ಕೋ."

ಇಪ್ಪತ್ತು ವರ್ಷ ಹಲಗೆಯ ಮೇಲೆ ಚಿತ್ರ ಬರೆದ ನನ್ನ ಕೈಗೆ ಅವತ್ತು ನಿಜವಾಗಿ ನಾಚಿಕೆಯಾಯಿತು. ಅತ್ತೆ ಆ ಕೆಂಪು ತುಂಡನ್ನು ಗುಂಡುಸೂಜಿ ಸಮೇತ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡರು.

ಆಪರೇಷನ್ ದಿನ ಮಾವ ಬರುವುದಿಲ್ಲವೆಂದುಕೊಂಡಿದ್ದೆವು. ಎಲ್ಲರಿಗಿಂತ ಮೊದಲು ಸ್ನಾನ ಮಾಡಿ ಗಾಡಿಯಲ್ಲಿ ಕೂತಿದ್ದರು. ಆದರೆ ದವಾಖಾನೆಯ ಬಾಗಿಲಲ್ಲಿ ಔಷಧದ ವಾಸನೆ ಬಡಿದದ್ದೇ ತಡ, ತಿರುಗಿ ರಸ್ತೆಯಾಚೆಯ ಬೇವಿನ ಗಿಡದ ಕೆಳಗೆ ಹೋಗಿ ನಿಂತರು. ಗಜಾನನ ಗಾಡಿ ನಿಲ್ಲಿಸುವ ನೆಪದಲ್ಲಿ ಮಾಯವಾದರು. ಒಳಗೆ ಉಳಿದವರು ನಾವಿಬ್ಬರೇ.

ಡಾಕ್ಟರ ಸಹಾಯಕಿ ತಮನ್ನಾ ಫಾರ್ಮು ತುಂಬತೊಡಗಿದಳು. ಹೆಸರು, ವಯಸ್ಸು, ಊರು ಆಯಿತು.

"ಗಂಡನ ಹೆಸರ್‍ರಿ?"

ಅತ್ತೆ ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಅವರಿಗೆ ಗಂಡ, ನನಗೆ ಮಾವ. ಇಬ್ಬರ ಬಾಯಿಗೂ ಬೀಗ.

"ಯಾಕ್ರಿ? ಇಲ್ಲೇನ್ರಿ ಅವರು?" ಎಂದಳು ತಮನ್ನಾ ದನಿ ಇಳಿಸಿ.

"ಛೇ, ಗಟ್ಟಿಮುಟ್ಟ ಅದಾರ! ಬೇವಿನ ಗಿಡದ ಕೆಳಗ ಅದಾರ!" ಎಂದರು ಅತ್ತೆ.

ನಾನು ಆಧಾರ್ ಕಾರ್ಡ್ ತೆಗೆದು ಚಾಚಿದೆ. ಅತ್ತೆ ನನ್ನ ಕೈ ಹಿಡಿದರು. "ನಾ ಇರುಮುಂದ ಕಾರ್ಡ್ ಯಾಕ ಹೇಳಬೇಕು?" ಎಂದು ಸೆರಗು ತಲೆಗೆ ಎಳೆದುಕೊಂಡು, ಬೊಚ್ಚ ಬಾಯಿಯಲ್ಲೇ ಎದ್ದು ನಿಂತರು.

"ಗೋಕಾಕ ಕರದಂಟು ಗಟ್ಟಿ, ಕಡಿಯಾಕ ಬೇಕು ಹಲ್ಲು,
ರಾಜಪ್ಪನವರ ಹೆಸರು ಮೆತ್ತಗ, ಹೇಳಾಕ ಸಾಕು ಸೊಲ್ಲು."

ಹೊರಗೆ ಬೆಂಚಿನ ಮೇಲೆ ದವಡೆ ಹಿಡಿದು ಕೂತವರೆಲ್ಲ ಚಪ್ಪಾಳೆ ತಟ್ಟಿದರು. ತಮನ್ನಾ ಪೂರ್ತಿ ಒಡಪನ್ನೇ ಫಾರ್ಮಿನಲ್ಲಿ ಬರೆಯಲು ಹೊರಟಿದ್ದಳು, ನಾನು ತಡೆದೆ. ಡಾಕ್ಟರ್ ಒಳಗಿನಿಂದ ಬಂದು, "ಅಜ್ಜಿ, ಇಷ್ಟು ಸ್ವಚ್ಛ ಹೇಳಿದ್ರಿ. ಮತ್ತ ಕೊಯ್ಯೂದೋ ಬ್ಯಾಡೋ?" ಎಂದು ಕೇಳಿದರು.

"ಇದು ಫಾರ್ಮಿಂದು. ಮದವೀದು ಬಾಕಿ ಐತಿ. ಕೊಯ್ಯಿರಿ," ಎಂದು ಅತ್ತೆ ಚೀಲದಿಂದ ಕೆಂಪು ತುಂಡು ತೆಗೆದು ಕೊಟ್ಟರು. "ಹಿಂಗ ಬರಬೇಕು ನೋಡ್ರಿ. ಮೂಲಿ ಮುದುರಬಾರದು."

ಡಾಕ್ಟರ್ ಆ ತುಂಡನ್ನು ಬಹಳ ಹೊತ್ತು ನೋಡಿ, ಇದನ್ನು ತಾವು ಇಟ್ಟುಕೊಳ್ಳಬಹುದೇ ಎಂದು ಕೇಳಿದರು.

ತುಟಿಗೆ ಸೂಜಿ ಚುಚ್ಚಿ ಮರಗಟ್ಟಿಸುವಾಗ ನನ್ನನ್ನು ಹೊರಗೆ ಕಳಿಸಿದರು. ಬೇವಿನ ಗಿಡದ ಕೆಳಗೆ ಮಾವ ಅತ್ತೆಯ ಚಪ್ಪಲಿ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಯಾವಾಗ ಬಂದು ಬಾಗಿಲಿನಿಂದ ಎತ್ತಿಕೊಂಡು ಹೋಗಿದ್ದರೋ.

"ಏನ ಗದ್ದಲಾ ಆತು ಒಳಗ? ಚಪ್ಪಾಳಿ ಕೇಳಿಸ್ತು," ಎಂದರು.

ಒಡಪು ಹೇಳಿದರೆಂದು ಹೇಳಬಹುದಿತ್ತು. ಏನು ಹೇಳಿದರೆಂದು ಮಾವ ಕೇಳಿದರೆ ಹೆಸರು ನನ್ನ ಬಾಯಿಯಲ್ಲಿ ಬರುವಂತಿಲ್ಲ. ನಾಲ್ಕು ವರ್ಷದ ಮೇಲೆ ಪೂರಾ ಬಂದ ಹೆಸರು, ಕೇಳಬೇಕಾದವರು ರಸ್ತೆಯಾಚೆ ಚಪ್ಪಲಿ ಹಿಡಿದು ನಿಂತಿದ್ದರು.

"ಏನಿಲ್ರಿ," ಎಂದೆ. "ನೀವ್ಯಾಕ ಬ್ಯಾಡ ಅಂದ್ರಿ ಅವತ್ತ?"

ಮಾವ ಚಪ್ಪಲಿಯ ಧೂಳು ಒರೆಸಿದರು. "ಅಕಿ ಬಾಯಿಗೆ ಕತ್ರಿ ಹಚ್ಚಿ ಏನರ ಹೆಚ್ಚುಕಮ್ಮಿ ಆದ್ರ, ನಮ್ಮ ಮನ್ಯಾಗ ಮಾತಾಡಾವ್ರು ಯಾರು?"

ನಲವತ್ತು ನಿಮಿಷಕ್ಕೆ ಮುಗಿಯಿತು. ಅತ್ತೆ ತುಟಿ ಊದಿಸಿಕೊಂಡು ಹೊರಬಂದರು. ಎರಡು ದಿನ ಮಾತು ಬೇಡ, ತಣ್ಣನೆಯ ಗಂಜಿ ಕುಡಿಯಿರಿ, ವಾರಕ್ಕೆ ಹೊಲಿಗೆ ಬಿಚ್ಚುತ್ತೇವೆ ಎಂದರು ಡಾಕ್ಟರ್.

ಆ ಎರಡು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಕೊಣ್ಣೂರಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಮನೆ ಬಿಕೋ ಎನ್ನತೊಡಗಿದಾಗ ಮಾವ ಒಳಗೂ ಹೊರಗೂ ಹತ್ತು ಸಲ ತಿರುಗಿದರು. ಆಮೇಲೆ ಅತ್ತೆಯ ಬಾಜೂ ಕೂತು ಪೇಪರನ್ನು ಗಟ್ಟಿಯಾಗಿ ಓದತೊಡಗಿದರು. ಸುದ್ದಿ, ಜಾಹೀರಾತು, ಟೆಂಡರ್ ನೋಟೀಸು, ರಾಶಿಭವಿಷ್ಯ, ಏನನ್ನೂ ಬಿಡಲಿಲ್ಲ. ಪೇಪರ್ ಮುಗಿದ ಮೇಲೆ ಹೊಲದ ಕಬ್ಬಿನ ಸುದ್ದಿ ತೆಗೆದರು. ಅತ್ತೆ ತುಟಿಗೆ ಮಂಜುಗಡ್ಡೆ ಹಿಡಿದುಕೊಂಡು ಕಣ್ಣರಳಿಸಿ ಕೂತಿದ್ದರು. ಮೂರನೆಯ ದಿನ ಮಾತಾಡಲು ಅಪ್ಪಣೆ ಸಿಕ್ಕಿದಾಗ ಅವರು ಮೊದಲು ಹೇಳಿದ್ದು ನನಗೆ: "ಇನ್ನೊಂದ ದಿನಾ ನೋವು ಐತಿ ಅಂತ ಹೇಳ."

ತುಟಿ ಮಾಯಿತು. ಖಂಡೆಪ್ಪ ಹೊಸ ಅಳತೆ ತೆಗೆದು ಹೊಸ ಸೆಟ್ ಮಾಡಿದ. ಅತ್ತೆ ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹನ್ನೊಂದು ಸಲ "ಪಪ್ಪಾಯಿ" ಎಂದರು. ಹಲ್ಲು ಅಲುಗಲಿಲ್ಲ. ಹಣ್ಣಿನ ಗಾಡಿಯವನು ಮಾತ್ರ ಹನ್ನೊಂದು ಸಲ ತಿರುಗಿ ನೋಡಿದ.

ಮದುವೆಯ ದಿನ ಹುಕ್ಕೇರಿಯ ಆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ನಮಗಿಂತ ಮೊದಲು ಬಂದಿತ್ತು. ಅತ್ತೆ ಆರತಿ ತಾಟು ಹಿಡಿದು ನಿಂತಾಗ ಐವತ್ತು ಮೊಬೈಲು ಅವರ ಬಾಯಿಗೆ ಗುರಿಯಿಟ್ಟವು. ಸಾತವ್ವ ತಾಟಿಗೆ ಹತ್ತಿರವಾಗಿ ಬಗ್ಗಿ ನಿಂತಿದ್ದರು, ಬಿದ್ದರೆ ಮೊದಲು ತಾವೇ ನೋಡಬೇಕೆಂದು. ಕಂಬದ ಬಾಜೂ ಟಾವೆಲ್ ಹೆಗಲ ಮೇಲೇ ಇತ್ತು. ಮಾವನಿಗೆ ಕೊಡವಲು ಧೈರ್ಯವಿರಲಿಲ್ಲ.

ಅತ್ತೆ ಒಡಪು ಹೇಳಿದರು. ಹೇಳಿ ಮುಗಿಸಿ ತುಟಿ ಕೂಡಿಸಿ ನಿಂತರು.

"ಬೀಳಲಿಲ್ಲ!" ಎಂದು ಯಾರೋ ಕೂಗಿದರು. "ಬೀಳಲಿಲ್ಲೋ!" ಪಡಸಾಲೆಯೆಲ್ಲ ಅದೇ ಕೂಗು. ಬ್ಯಾಂಡಿನವರು ಅಕ್ಷತೆ ಬಿತ್ತೆಂದು ತಿಳಿದು ಬಾರಿಸತೊಡಗಿದರು. ಎಲ್ಲರೂ ಹಲ್ಲು ನೋಡಿದ್ದರು; ಒಡಪು ಏನೆಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಮೊಬೈಲುಗಳಲ್ಲೂ ಬರೀ ಬಾಯಿ ಬಂದಿತ್ತು, ಮಾತು ಗದ್ದಲದಲ್ಲಿ ಮುಳುಗಿಹೋಗಿತ್ತು. ನನಗೆ ಸಿಟ್ಟು ಬಂತು. ಎರಡೂವರೆ ತಿಂಗಳು ಅಷ್ಟೆಲ್ಲ ಪಟ್ಟದ್ದು ಇವರಿಗೆ ಸರ್ಕಸ್ಸು ತೋರಿಸಲಿಕ್ಕೇ?

ಊಟವಾದ ಮೇಲೆ ಅಕ್ಕಿ ಚೀಲಗಳ ಕೋಣೆಗೆ ತಾಂಬೂಲದ ತಾಟು ತರಲು ಹೋದರೆ, ಒಳಗೆ ಇಬ್ಬರೂ ಬೀಗತಿಯರು ಕಿಟಕಿಯ ಬೆಳಕಿಗೆ ಮುಖವೊಡ್ಡಿ, ಮೇಲ್ತುಟಿ ಬೆರಳಿನಿಂದ ಎತ್ತಿ ಹಿಡಿದು ನಿಂತಿದ್ದರು. ಸಾತವ್ವನ ಸೆಟ್ ಅವರ ಇನ್ನೊಂದು ಕೈಯಲ್ಲಿತ್ತು.

"ನಂದೂ ಭಾಳ ಜಿಗೀತೈತ್ರಿ," ಎನ್ನುತ್ತಿದ್ದರು ಸಾತವ್ವ. "ಒಡಪು ಹೇಳುಮುಂದ ನಾಲಿಗೀಲೆ ಒತ್ತಿ ಹಿಡಕೊಂಡಿರತೇನಿ. ಅವತ್ತ ನಗಬಾರದಿತ್ತು, ನನ್ನದು ತಪ್ಪಾತು."

"ಸಾದಾ ಕೊಯ್ತಾ ಮಾಡಸಬ್ಯಾಡ್ರಿ, ಮುದುರತೈತಿ," ಎಂದರು ಅತ್ತೆ ತುಟಿ ಬಿಡದೆ. "ಝಡ್ ಮಾಡಸ್ರಿ. ಮೊದಲ ನಮ್ಮ ಮೌಲಾಅಲಿ ಕಡೆ ಒಂದ ಸಲಾ ತೋರಸ್ರಿ."

ನಾನು ತಾಟು ತೆಗೆದುಕೊಳ್ಳದೆ ಹೊರಬಂದೆ. ಹಿತ್ತಲ ಕಟ್ಟೆಯ ಮೇಲೆ ಮಾವ ಒಬ್ಬರೇ ಕೂತಿದ್ದರು. ಟಾವೆಲ್ ಮಡಿಲಲ್ಲಿತ್ತು. ಕಣ್ಣು ಒರೆಸಿ ಒರೆಸಿ ಅದು ತೊಯ್ದಿತ್ತು.

"ಅನ್ನಪೂರ್ಣಾ," ಎಂದರು. "ಅಕಿ ಏನ ಹೇಳಿದ್ಲವ್ವಾ? ನನಗ ಹೆಸರಷ್ಟ ಕೇಳ್ತು. ಹಿಂದಿಂದು ಮುಂದಿಂದು ಏನೂ ಕೇಳಲಿಲ್ಲ."

ಇಡೀ ಪಡಸಾಲೆಯಲ್ಲಿ ಹೆಸರು ಕೇಳಿದವರು ಅವರು. ಉಳಿದದ್ದನ್ನು ಕೇಳಿದವಳು ಅತ್ತೆಯ ಬೆನ್ನಿಗೆ ನಿಂತಿದ್ದ ನಾನು. ಕಟ್ಟೆಯ ಕೆಳಗೆ ಕೂತು ಸೆರಗು ಸರಿಮಾಡಿಕೊಂಡೆ.

"ಹಳೇ ಹಲ್ಲು ಉದುರಿ ಹ್ವಾದುವು, ತುಟಿಗೆ ಆತು ಗಾಯ," ಎಂದೆ. ಅಲ್ಲಿಗೆ ನಿಂತೆ. ಮುಂದಿನ ಶಬ್ದಕ್ಕೆ ನನ್ನ ಬಾಯಿ ಏಳುವಂತಿರಲಿಲ್ಲ.

ಮಾವ ನನ್ನನ್ನು ನೋಡಿದರು. ಅರ್ಥವಾಯಿತು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಟಾವೆಲ್ಲಿನ ತುದಿ ಬಾಯಿಗೆ ಅಡ್ಡ ಹಿಡಿದರು.

"ರಾಜಪ್ಪನವರ," ಎಂದರು ಮೆಲ್ಲಗೆ.

"ಹೆಸರ ಹೇಳತೇನಿ, ಹೆಸರಿಗೆಲ್ಲಿ ಪ್ರಾಯ," ಎಂದು ನಾನು ಮುಗಿಸಿದೆ.

ಅವರು ಟಾವೆಲ್ ಕೈಗೆತ್ತಿಕೊಂಡು, ಮುಖ ಆ ಕಡೆ ಮಾಡಿ, ಒಂದು ಸಲ ಕೊಡವಿದರು.

"ಇನ್ನೊಮ್ಮೆ ಹೇಳೂಣು," ಎಂದರು.